ಕಲಬುರಗಿ–ಬೆಂಗಳೂರು ವಂದೇ ಭಾರತ್: ಗಾಡಿ ಚೊಲೋ ಅದ, ಹತ್ತೋರು ಯಾರು?

ಮೊದಲು ಗಾಡಿಯ ವಿಷಯ ಹೇಳಿಬಿಡುತ್ತೇನೆ. ವಯಸ್ಸಾದ ತಂದೆ-ತಾಯಿಯನ್ನು ಕರೆದುಕೊಂಡು ಕಲಬುರಗಿಯಿಂದ ಬೆಂಗಳೂರಿಗೆ ಹೋಗಬೇಕು, ರಾತ್ರಿ ಬಸ್ಸಿನ ಕುಲುಕಾಟ ಬೇಡ ಅನ್ನುವವರು ಕಣ್ಣು ಮುಚ್ಚಿ ಈ ವಂದೇ ಭಾರತ್ ಹತ್ತಬಹುದು. ನಸುಕಿನಲ್ಲಿ ಕಲಬುರಗಿ ಬಿಟ್ಟರೆ ಮಧ್ಯಾಹ್ನ ಎರಡರ ಹೊತ್ತಿಗೆ ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಲ್ಲಿ ಇಳಿಯುತ್ತೀರಿ. ಸುಮಾರು 550 ಕಿ.ಮೀ. ದಾರಿ ಒಂಬತ್ತು ತಾಸಿನೊಳಗೆ ಮುಗಿಯುತ್ತದೆ. 2024ರ ಮಾರ್ಚ್ 12ರಂದು ಇದಕ್ಕೆ ಹಸಿರು ನಿಶಾನೆ ಸಿಕ್ಕಿತು. ಅಂದಿನಿಂದ ನಾನು ಊರಿಗೆ ಹೋಗಿ ಬರುವಾಗ ರಜೆ ಹೊಂದಿಕೆಯಾದರೆ ಇದನ್ನೇ ಹಿಡಿಯುತ್ತೇನೆ.

ನಾನು ಸೇಡಂ ತಾಲ್ಲೂಕಿನವನು. ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್ ಕಟ್ಟುವ ಸೈಟುಗಳಲ್ಲಿ ಎಂಜಿನಿಯರ್ ಆಗಿ ದುಡಿಯುತ್ತೇನೆ. ಊರಲ್ಲಿ ತಾಯಿ ಇದ್ದಾಳೆ, ಒಂದಿಷ್ಟು ತೊಗರಿ ಹೊಲ ಇದೆ. ಹೀಗಾಗಿ ಈ ಹಳಿಯ ಎರಡೂ ತುದಿ ನನಗೆ ಗೊತ್ತು. ಈ ವಿಮರ್ಶೆ ಬರೆಯಲು ಕೂತದ್ದೂ ಅದಕ್ಕೇ.

ಬೋಗಿಯೊಳಗೆ ಮೂರು-ಎರಡರ ಸಾಲಿನ ಕುರ್ಚಿಗಳು. ಕಾಲು ಚಾಚಲು ಸಾಕಷ್ಟು ಜಾಗ ಇದೆ, ಮೊಬೈಲ್ ಚಾರ್ಜ್ ಮಾಡಿಕೊಳ್ಳಲು ಪಾಯಿಂಟ್ ಇದೆ, ದೊಡ್ಡ ಗಾಜಿನ ಕಿಟಕಿ ಇದೆ. ಮೊಣಕಾಲು ನೋವಿರುವ ನನ್ನ ತಾಯಿ ಶೌಚಾಲಯಕ್ಕೆ ಯಾರ ಆಸರೆಯೂ ಇಲ್ಲದೆ ಹೋಗಿ ಬಂದಳು, ಗಾಡಿ ಓಡುತ್ತಿದ್ದಾಗಲೇ. ಅಷ್ಟು ಅಲುಗಾಟ ಕಡಿಮೆ. ಮುಂದಿನ ನಿಲ್ದಾಣ ಯಾವುದೆಂದು ಪರದೆಯ ಮೇಲೆ ಬರುತ್ತದೆ. ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಬೀಳ್ಕೊಡಲು ಬಂದವರು ಚೀಲ ಇಡುವ ನೆಪದಲ್ಲಿ ಒಳಗೆ ನಿಂತರೆ ಮುಂದಿನ ನಿಲ್ದಾಣದ ತನಕ ಹೋಗಬೇಕಾದೀತು, ಮನೆಯವರಿಗೆ ಮೊದಲೇ ಹೇಳಿಡಿ. ಊಟ ಬೇಕೋ ಬೇಡವೋ ಎಂದು ಟಿಕೆಟ್ ತೆಗೆಯುವಾಗಲೇ ಆರಿಸಿಕೊಳ್ಳಬಹುದು. ನಸುಕಿನ ಗಾಡಿಯಾದ್ದರಿಂದ ನಾಷ್ಟಾ ತೆಗೆದುಕೊಳ್ಳುವುದು ಲೇಸು. ನನ್ನ ಆಸೆ ಒಂದೇ: ಜೋಳದ ನಾಡಿನಿಂದ ಹೊರಡುವ ಗಾಡಿಯ ಊಟದಲ್ಲಿ ಒಂದು ರೊಟ್ಟಿ, ಒಂದು ಚಮಚ ಶೇಂಗಾ ಹಿಂಡಿ ಇರಬೇಕು.

ಎಂಜಿನಿಯರ್ ಆಗಿ ಇನ್ನೊಂದು ಮಾತು. ಈ ಗಾಡಿಯ ವಿನ್ಯಾಸ, ತಯಾರಿ ಎರಡೂ ನಮ್ಮ ದೇಶದ್ದೇ. ಚೆನ್ನೈ ಪೆರಂಬೂರಿನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯ ಕೆಲಸಗಾರರು ಮಾಡಿದ ಮೊದಲ ರೈಲು 2019ರ ಫೆಬ್ರುವರಿಯಲ್ಲಿ ದೆಹಲಿ–ವಾರಾಣಸಿ ನಡುವೆ ಓಡಿತು. ಬೇರೆ ಎಂಜಿನ್ ಇಲ್ಲ, ಬೋಗಿಗಳ ಅಡಿಯಲ್ಲೇ ಮೋಟರು. ಅದಕ್ಕೇ ನಿಲ್ದಾಣ ಬಿಟ್ಟ ಕೂಡಲೇ ವೇಗ ಹಿಡಿಯುತ್ತದೆ. ಯಾದಗಿರಿ ಜಿಲ್ಲೆಯ ಕಡೇಚೂರಿನಲ್ಲೂ ರೈಲ್ವೆಯದೊಂದು ಕಾರ್ಖಾನೆ ಇದೆ, ಬೋಗಿಯ ತಳದ ಚೌಕಟ್ಟು ಮಾಡುವಂಥದ್ದು. ನಮ್ಮ ಕಡೆಯ ಕೈಗಳಿಗೂ ಈ ಕೆಲಸ ಬರುತ್ತದೆ ಎಂಬುದು ನನಗೆ ಹೆಮ್ಮೆಯ ಸಂಗತಿ.

ಇಷ್ಟು ಗಾಡಿಯ ಮಾತಾಯಿತು. ಇನ್ನು ಅದು ನಿಲ್ಲುವ ಪ್ಲಾಟ್‌ಫಾರ್ಮಿನ ಮಾತು.

ಕಳೆದ ಬೇಸಿಗೆಯಲ್ಲಿ ಒಮ್ಮೆ ಕಲಬುರಗಿ ನಿಲ್ದಾಣಕ್ಕೆ ಬೇಗ ಬಂದು ನಿಂತಿದ್ದೆ. ಗಾಡಿ ಬಂದು ನಿಂತಿತ್ತು, ಒಳಗಿನ ದೀಪ ಹೊರಗೆಲ್ಲ ಬೀಳುತ್ತಿತ್ತು. ಪ್ಲಾಟ್‌ಫಾರ್ಮಿನ ಕಲ್ಲಿನ ಮೇಲೆ ಒಂದು ಕುಟುಂಬ ಮಲಗಿತ್ತು. ಗಂಡ, ಹೆಂಡತಿ, ಎರಡು ಮಕ್ಕಳು. ತಲೆದೆಸೆಗೆ ಸಿಮೆಂಟ್ ಚೀಲದಲ್ಲಿ ಕಟ್ಟಿದ ಬಟ್ಟೆಬರೆ. ಚೀಲದ ಮೇಲೆ ಅಚ್ಚಾಗಿದ್ದದ್ದು ನಮ್ಮ ಕಡೆಯದೇ ಸಿಮೆಂಟಿನ ಹೆಸರು. ಪಕ್ಕದಲ್ಲಿ ಬಿಳಿ ಅರಿವೆಯ ಗಂಟು. ಒಳಗೆ ಕಟಕ ರೊಟ್ಟಿ ಎಂದು ಅದರ ಆಕಾರ ನೋಡಿಯೇ ತಿಳಿಯುತ್ತಿತ್ತು. ಅದರ ಮೇಲೊಂದು ಸಣ್ಣ ಸ್ಟೌ. ಆ ಹೆಣ್ಣುಮಗಳು ಎದ್ದು ಕೂತು, ಸೆರಗಿನ ಗಂಟಿನಿಂದ ಟಿಕೆಟ್ ತೆಗೆದು ನನ್ನ ಮುಂದೆ ಹಿಡಿದಳು.

"ಅಣ್ಣಾ, ಈ ಗಾಡಿಗಿ ನಮ್ ಟಿಕೀಟ್ ನಡೀತದೇನ್ರೀ?"

ಜನರಲ್ ಟಿಕೆಟ್ ಅದು. "ಇಲ್ಲಕ್ಕ, ಇದರಾಗ ಜನರಲ್ ಡಬ್ಬಿನೇ ಇಲ್ಲ. ಕುರ್ಚಿ ಬುಕ್ ಮಾಡ್ಬೇಕು," ಅಂದೆ.

"ಎಷ್ಟಾಗ್ತದ್ರಿ ಬೆಂಗಳೂರಿಗಿ?"

ಒಬ್ಬರಿಗೆ ಸಾವಿರದ ನಾನೂರರ ಆಸುಪಾಸು ಎಂದು ಹೇಳಿದೆ. ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು. "ಅಷ್ಟು ರೊಕ್ಕದಾಗ ನಾವ್ ಗಂಡ-ಹೆಣ್ತಿ ಹೋಗಿ ಬಂದು ಮತ್ತ ಉಳೀತದ ಬಿಡ್ರಿ," ಅಂದು ಟಿಕೆಟನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡಳು. ಅವಳ ಲೆಕ್ಕ ಸರಿ. ಜನರಲ್ ಡಬ್ಬಿಗೆ ಇಷ್ಟು ದೂರಕ್ಕೆ ಇನ್ನೂರು ರೂಪಾಯಿಯ ಆಸುಪಾಸು. ಅವರು ಶಹಾಪುರ ತಾಲ್ಲೂಕಿನವರು. ಕಲಬುರಗಿಯಲ್ಲಿ ನೆಂಟರನ್ನು ಕಂಡು, ರಾತ್ರಿ ಗಾಡಿ ಹತ್ತಲು ಹೋಗಿದ್ದರಂತೆ. ಡಬ್ಬಿಯ ಬಾಗಿಲಿಗೇ ಮಂದಿ ಜೋತುಬಿದ್ದಿದ್ದರಿಂದ ಮಕ್ಕಳನ್ನು ಕಟ್ಟಿಕೊಂಡು ಹತ್ತಲು ಆಗಲಿಲ್ಲ. ಮುಂದಿನ ಗಾಡಿಗೆ ಕಾಯುತ್ತಿದ್ದರು. ಮಾರತ್ತಹಳ್ಳಿ ಕಡೆ ಕೆಲಸ ಇದೆಯೆಂದು ಮೇಸ್ತ್ರಿ ಮುಂಗಡ ಕೊಟ್ಟಿದ್ದನಂತೆ. ದೊಡ್ಡ ಹುಡುಗ ನಾಲ್ಕನೇತ್ತೆ ಓದುತ್ತಿದ್ದವನು. "ಸಾಲಿ?" ಅಂತ ಕೇಳಿದೆ. "ಬಂದ ಮ್ಯಾಲ ನೋಡೋದ್ರಿ," ಅಂದ ಅವಳ ಗಂಡ, ಮಲಗಿದಲ್ಲಿಂದಲೇ.

ಆ ಜನರಲ್ ಡಬ್ಬಿ ನನಗೆ ಹೊಸದಲ್ಲ. ಕಾಲೇಜಿನ ದಿನಗಳಲ್ಲಿ ಅದರಲ್ಲೇ ಓಡಾಡಿದವನು. ಸಂಕ್ರಾಂತಿ ದಾಟಿ ತೊಗರಿ ರಾಶಿ ಮುಗಿದ ಮೇಲೆ ಡಬ್ಬಿಯೊಳಗೆ ಕಾಲಿಡಲು ಜಾಗ ಇರುವುದಿಲ್ಲ. ಶೌಚಾಲಯದ ಬಾಗಿಲಿಗೆ ಬೆನ್ನು ಕೊಟ್ಟು ಹೆಂಗಸರು ಕೂಸು ಮಲಗಿಸಿಕೊಂಡು ಕೂರುತ್ತಾರೆ. ಬಾಗಿಲು ತೆಗೆಯಲು ಆಗುವುದಿಲ್ಲವೆಂದು ಅವರು ಮಧ್ಯಾಹ್ನದಿಂದಲೇ ನೀರು ಕುಡಿಯುವುದನ್ನು ಬಿಟ್ಟಿರುತ್ತಾರೆ.

ಗುಳೆ ನಮ್ಮ ಕಡೆ ಹೊಸ ಸಂಗತಿಯಲ್ಲ. ಸುರಪುರ, ಶಹಾಪುರ, ದೇವದುರ್ಗ, ಚಿತ್ತಾಪುರ, ಸೇಡಂ, ಯಾವ ತಾಂಡಾಕ್ಕೆ ಹೋದರೂ ಬೇಸಿಗೆಯಲ್ಲಿ ಮುದುಕರು ಮತ್ತು ಬೀಗ ಹಾಕಿದ ಮನೆಗಳೇ ಸಿಗುತ್ತವೆ. ನೀರಾವರಿ ಇಲ್ಲದ ಹೊಲ ಒಂದೇ ಬೆಳೆ ಕೊಡುತ್ತದೆ. 2022ರಲ್ಲಿ ತೊಗರಿಗೆ ನೆಟೆ ರೋಗ ಬಿದ್ದಾಗ ಆ ಒಂದು ಬೆಳೆಯೂ ಹೋಯಿತು. ನಮ್ಮ ಹೊಲದಲ್ಲೂ ಗಿಡ ನಿಂತಲ್ಲೇ ಒಣಗಿದವು. ಕಲಬುರಗಿ ತೊಗರಿಬೇಳೆಗೆ 2019ರಲ್ಲೇ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಬಂದಿದೆ. ಬೆಳೆದವನ ಮನೆಗೆ ಅದರ ಬೆಲೆ ಇನ್ನೂ ಪೂರ್ತಿ ಬಂದಿಲ್ಲ. 2025-26ರಲ್ಲಿ ಕರ್ನಾಟಕದ ನರೇಗಾ ದಿನಗೂಲಿ 370 ರೂಪಾಯಿ ಇತ್ತು, ಅದೂ ವರ್ಷಕ್ಕೆ ನೂರು ದಿನದ ಲೆಕ್ಕ. ನನ್ನ ಸೈಟಿನಲ್ಲಿ ಸೆಂಟ್ರಿಂಗ್ ಕೆಲಸದವನಿಗೆ ಅದರ ಎರಡು ಪಟ್ಟಿಗೂ ಹೆಚ್ಚು ಸಿಗುತ್ತದೆ. ಯಾರಾದರೂ ಗಾಡಿ ಹತ್ತಲೇಬೇಕು.

ಈ ಹಳಿಯ ಮೇಲೆ ಏನೇನು ಹೋಗುತ್ತದೆ ನೋಡಿ. ಗಾಡಿ ಹೊರಟು ಸ್ವಲ್ಪ ಹೊತ್ತಿಗೆ ಶಹಾಬಾದ್, ಆಮೇಲೆ ವಾಡಿ. ಶಹಾಬಾದ್ ಕಲ್ಲು, ವಾಡಿ-ಮಳಖೇಡದ ಸಿಮೆಂಟು. ಮಳಖೇಡ ಅಂದರೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಕನ್ನಡದಲ್ಲಿ ಸಿಕ್ಕಿರುವ ಮೊದಲ ಲಕ್ಷಣಗ್ರಂಥ ಕವಿರಾಜಮಾರ್ಗ ಹುಟ್ಟಿದ ಆಸ್ಥಾನ. ಈಗ ಆ ಹೆಸರು ಕೇಳಿದರೆ ಹೆಚ್ಚಿನವರಿಗೆ ಸಿಮೆಂಟೇ ನೆನಪಾಗುತ್ತದೆ. ಇನ್ನೂ ಮುಂದೆ ಕೃಷ್ಣಾ ನದಿ ದಾಟುವಾಗ ಕಿಟಕಿಯಿಂದ ಶಕ್ತಿನಗರದ ಚಿಮಣಿಗಳು ಕಾಣುತ್ತವೆ. 1,720 ಮೆಗಾವಾಟ್ ಸಾಮರ್ಥ್ಯದ ರಾಯಚೂರು ಶಾಖೋತ್ಪನ್ನ ಸ್ಥಾವರ ಅದು. 1985ರಿಂದ ರಾಜ್ಯಕ್ಕೆಲ್ಲ ಕರೆಂಟು ಕೊಡುತ್ತ ಬಂದಿದೆ. ಕಲ್ಲು, ಸಿಮೆಂಟು, ಕರೆಂಟು, ಮಂದಿ, ಎಲ್ಲ ದಕ್ಷಿಣಕ್ಕೇ ಹೋಗುತ್ತದೆ. ಬೆಂಗಳೂರಿನ ಯಾವುದೇ ಎತ್ತರದ ಕಟ್ಟಡ ನೋಡಿದರೂ ಅದರಲ್ಲಿ ನಮ್ಮ ಜಿಲ್ಲೆಗಳ ಪಾಲಿದೆ. ಕಾಂಕ್ರೀಟ್ ಹಾಕಿಸುವವನಾಗಿ ನಾನು ಇದನ್ನು ನಿತ್ಯ ಕಣ್ಣಾರೆ ನೋಡುತ್ತೇನೆ.

ಭಾರತ ಈಗ ಜಗತ್ತಿನ ದೊಡ್ಡ ಆರ್ಥಿಕತೆಗಳಲ್ಲಿ ಒಂದು. 2022ರಲ್ಲಿ ಬ್ರಿಟನ್ನನ್ನು ಹಿಂದೆ ಹಾಕಿದೆವು ಎಂಬ ಸುದ್ದಿ ಬಂದಾಗ ನಮ್ಮ ಸೈಟ್ ಕಚೇರಿಯಲ್ಲಿ ಪೇಢೆ ಹಂಚಿದರು, ನಾನೂ ತಿಂದೆ, ಸಂತೋಷವೂ ಆಯಿತು. ಆ ಬೆಳವಣಿಗೆ ಸುಳ್ಳಲ್ಲ. ಆದರೆ 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 52ರಷ್ಟೂ ಇರಲಿಲ್ಲ, ರಾಜ್ಯದಲ್ಲೇ ಎಲ್ಲರಿಗಿಂತ ಕೆಳಗೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ: ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರ ಬೆಳೆಯದವರು ದೇಶದಲ್ಲಿ ಶೇ 35.5 ಇದ್ದರೆ ಯಾದಗಿರಿಯಲ್ಲಿ ಅರ್ಧಕ್ಕಿಂತ ಹೆಚ್ಚು. ಬೆಂಗಳೂರು ನಗರ ಜಿಲ್ಲೆಯ ತಲಾ ಆದಾಯ ಕಲಬುರಗಿಯ ನಾಲ್ಕು ಪಟ್ಟಿಗೂ ಮಿಗಿಲು. ಈ ಎರಡು ಜಿಲ್ಲೆಗಳ ನಡುವೆ ವಂದೇ ಭಾರತ್‌ಗೆ ಒಂಬತ್ತು ತಾಸೂ ಬೇಡ, ಆದಾಯದ ಅಂತರ ಮಾತ್ರ ಹಾಗೇ ಉಳಿದಿದೆ.

ಸರ್ಕಾರಗಳು ಏನೂ ಮಾಡಿಲ್ಲ ಎಂದು ನಾನು ಹೇಳುವುದಿಲ್ಲ, ಹೇಳಿದರೆ ನನ್ನ ಮನೆಯೇ ಸಾಕ್ಷಿಯಾಗಿ ಎದುರು ನಿಲ್ಲುತ್ತದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 114 ತಾಲ್ಲೂಕುಗಳು ಹಿಂದುಳಿದಿವೆ ಎಂದು ಲೆಕ್ಕ ಕೊಟ್ಟಿತು. ಅತ್ಯಂತ ಹಿಂದುಳಿದ 39ರಲ್ಲಿ 21 ನಮ್ಮ ವಿಭಾಗದವೇ. ಆಮೇಲೆ ದೊಡ್ಡ ಹೋರಾಟವಾಗಿ ಸಂವಿಧಾನಕ್ಕೆ 98ನೇ ತಿದ್ದುಪಡಿ ಬಂದು, ನಮ್ಮ ಭಾಗದವರಿಗೆ ಓದು-ನೌಕರಿಯಲ್ಲಿ ಮೀಸಲಾತಿಗೆ ದಾರಿ ಮಾಡಿದ 371(ಜೆ) ಕಲಮು ಸೇರಿತು. ನನ್ನ ತಂಗಿಗೆ ವೈದ್ಯಕೀಯ ಸೀಟು ಸಿಕ್ಕಿದ್ದು ಆ ಮೀಸಲಾತಿಯಿಂದ. ಹೃದಯದ ತೊಂದರೆ ಎಂದರೆ ಬೆಂಗಳೂರಿಗೇ ಓಡಬೇಕಿದ್ದ ಕಾಲ ಹೋಗಿದೆ. ಕಲಬುರಗಿಯಲ್ಲೇ ಜಯದೇವ ಆಸ್ಪತ್ರೆಯ 371 ಹಾಸಿಗೆಗಳ ಕಟ್ಟಡ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಯಿತು, ಹಾಸಿಗೆಯ ಲೆಕ್ಕದಲ್ಲೂ ಆ ಕಲಮಿನ ನೆನಪು ಉಳಿಸಿಕೊಂಡು. 2019ರಲ್ಲಿ ವಿಮಾನ ನಿಲ್ದಾಣ ಬಂತು. ಪ್ರಗತಿ ನಮ್ಮ ಊರಿಗೂ ಬಂದಿದೆ. ಮೊದಲೇ ಒಂದು ಮೆಟ್ಟಿಲು ಹತ್ತಿದ್ದವರಿಗೆ ಅದು ಬೇಗ ಸಿಕ್ಕಿದೆ. ನಾನು, ನನ್ನ ತಂಗಿ ಆ ಮೆಟ್ಟಿಲ ಮೇಲಿದ್ದೆವು. ಸೆರಗಿಗೆ ಟಿಕೆಟ್ ಕಟ್ಟಿಕೊಂಡ ಆ ಅಕ್ಕ ಇರಲಿಲ್ಲ.

ವಂದೇ ಭಾರತ್‌ನಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಎಂಟು ಬೋಗಿ, ಸುಮಾರು 530 ಕುರ್ಚಿ, ಎಲ್ಲವೂ ಎಸಿ. ಓಡಾಟ ಶುರುವಾದಾಗ ಇದಕ್ಕೆ ರಾಯಚೂರು, ಮಂತ್ರಾಲಯಂ ರೋಡ್, ಗುಂತಕಲ್, ಅನಂತಪುರ, ಧರ್ಮಾವರಂ, ಯಲಹಂಕ ನಿಲುಗಡೆಗಳಿದ್ದವು. ನಡುವೆ ಬರುವ ಯಾದಗಿರಿಯಲ್ಲಿ ಇರಲಿಲ್ಲ. ಜಿಲ್ಲಾ ಕೇಂದ್ರವೊಂದರ ಜನ ತಮ್ಮ ಊರಿನ ಹಳಿಯ ಮೇಲೆ ಹೋಗುವ ಗಾಡಿ ನಿಲ್ಲಿಸಿ ಎಂದು ಮನವಿ ಕೊಡಬೇಕಾಯಿತು.

ಇಳಿಯುವ ಕಡೆಯನ್ನೂ ಹೇಳಬೇಕು. ಬೈಯಪ್ಪನಹಳ್ಳಿ ಟರ್ಮಿನಲ್ 2022ರಿಂದ ನಡೆಯುತ್ತಿದೆ, ನಿಲ್ದಾಣವೇ ಹವಾನಿಯಂತ್ರಿತ. ಎಸ್ಕಲೇಟರ್, ಲಿಫ್ಟು, ಕೂರಲು ಒಳ್ಳೆಯ ಕುರ್ಚಿ. ಮೆಟ್ರೊ ನಿಲ್ದಾಣದ ಬಾಗಿಲಿಗೇ ಬಂದಿಲ್ಲ, ಆಟೊ ಅಥವಾ ಬಸ್ಸು ಹಿಡಿಯಬೇಕು. ಮುದುಕರಿದ್ದರೆ ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಅಲ್ಲಿಂದ ನಾನು ನನ್ನ ಬಾಡಿಗೆ ಮನೆಗೆ ಹೋಗುತ್ತೇನೆ, ಗುಳೆ ಬಂದವರು ಶೆಡ್ಡಿಗೆ ಹೋಗುತ್ತಾರೆ. ತಗಡಿನ ಗೋಡೆ, ತಗಡಿನ ಮಾಡು, ಹತ್ತಡಿ ಉದ್ದಗಲದ ಕೋಣೆ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಒಳಗೆ ಕೂರಲು ಆಗುವುದಿಲ್ಲ, ಹಾಗಾಗಿ ಮಕ್ಕಳು ಕಟ್ಟುತ್ತಿರುವ ಕಟ್ಟಡದ ನೆಲಮಾಳಿಗೆಯ ನೆರಳಿನಲ್ಲಿ ಆಡುತ್ತಿರುತ್ತಾರೆ. ಅಲ್ಲಿ ಕಬ್ಬಿಣದ ಸರಳು ಬಿದ್ದಿರುತ್ತವೆ, ಲಿಫ್ಟಿನ ಗುಂಡಿ ತೆರೆದಿರುತ್ತದೆ. ನಾನು ಕೆಲಸ ಮಾಡಿದ ಒಂದು ಸೈಟಿನಲ್ಲಿ ಆ ಗುಂಡಿಗೆ ತಡೆ ಹಾಕಿಸಲು ವಾರಗಟ್ಟಲೆ ಬೆನ್ನು ಹತ್ತಬೇಕಾಯಿತು. ಅದಾದ ಮೇಲೆ ಎಲ್ಲೇ ಕೆಲಸಕ್ಕೆ ಸೇರಿದರೂ ನಾನು ಮೊದಲ ದಿನವೇ ನೋಡುವುದು ಅದನ್ನೇ.

ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲೇ ಕಾಯ್ದೆ ಬಂತು. ಕಟ್ಟುವ ವೆಚ್ಚದ ಶೇ 1ರಷ್ಟು ಸೆಸ್ ಅವರ ಕಲ್ಯಾಣ ಮಂಡಳಿಗೆ ಹೋಗುತ್ತದೆ. 18ರಿಂದ 60 ವರ್ಷದೊಳಗಿನವರು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಕಾರ್ಮಿಕ ಕಾರ್ಡ್ ಮಾಡಿಸಬಹುದು. ಅದರಿಂದ ಮಕ್ಕಳ ಓದಿಗೆ, ಹೆರಿಗೆಗೆ, ಅಪಘಾತವಾದರೆ ಮನೆಯವರಿಗೆ ನೆರವು ಸಿಗುತ್ತದೆ. ಆ 90 ದಿನದ ದೃಢೀಕರಣಕ್ಕೆ ಸಹಿ ಹಾಕುವವರು ಬೇಕು. ಮೂರು ತಿಂಗಳಿಗೊಂದು ಸೈಟು ಬದಲಿಸುವವಳಿಗೆ ಯಾವ ಗುತ್ತಿಗೆದಾರ ಸಹಿ ಹಾಕಿಕೊಡುತ್ತಾನೆ? ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕ ಆ ದಂಪತಿಗೆ ಅಂಥದ್ದೊಂದು ಕಾರ್ಡ್ ಇದೆ ಎಂಬುದೇ ಗೊತ್ತಿರಲಿಲ್ಲ. ನನ್ನ ಫೋನ್ ನಂಬರ್ ಬರೆದುಕೊಟ್ಟೆ. ಮೂರು ವಾರದ ಮೇಲೆ ಮೇಸ್ತ್ರಿಯ ಫೋನಿನಿಂದ ಮಾಡಿದರು, ಅರ್ಜಿ ತುಂಬಿಸಿದ್ದೇನೆ.

ಹಾಗಾದರೆ ವಂದೇ ಭಾರತ್ ಬೇಡವೇ ಎಂದು ನನ್ನ ಜೊತೆ ಕೆಲಸ ಮಾಡುವವರು ಕೇಳುತ್ತಾರೆ. ಬೇಕು. ನನ್ನ ತಾಯಿಯ ಮೊಣಕಾಲು ಕೇಳಿದರೂ ಬೇಕೆನ್ನುತ್ತದೆ. ಡಯಾಲಿಸಿಸ್‌ಗೆ, ಪರೀಕ್ಷೆಗೆ, ಕೋರ್ಟಿನ ಕೆಲಸಕ್ಕೆ ಹೋಗುವವರು ನನ್ನ ಅಕ್ಕಪಕ್ಕ ಕೂತಿರುತ್ತಾರೆ, ಅವರೆಲ್ಲ ಶ್ರೀಮಂತರಲ್ಲ. ಗಾಡಿಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಈ ಮಾರ್ಗದ ಒಟ್ಟು ರೈಲು ಸೇವೆಗೆ ಎರಡಕ್ಕಿಂತ ಹೆಚ್ಚು ಕೊಡಲು ಮನಸ್ಸು ಒಪ್ಪುವುದಿಲ್ಲ. ಹೆಚ್ಚು ಮಂದಿ ಹೋಗುವ ಡಬ್ಬಿ ಹೇಗಿದೆ ಎಂದು ನೋಡಿಯೇ ಸೇವೆಗೆ ಅಂಕ ಕೊಡಬೇಕು.

ಒಳ್ಳೆಯ ಡಬ್ಬಿ ಮಾಡುವುದು ರೈಲ್ವೆಗೆ ಗೊತ್ತಿಲ್ಲದ ವಿದ್ಯೆಯೂ ಅಲ್ಲ. 2023ರ ಡಿಸೆಂಬರ್ 30ರಂದು ಅಮೃತ್ ಭಾರತ್ ಎಂಬ ಹೊಸ ಗಾಡಿಗಳು ಬಂದವು. ಎಸಿ ಇಲ್ಲ, ಸ್ಲೀಪರ್ ಮತ್ತು ಜನರಲ್ ಬೋಗಿಗಳು ಮಾತ್ರ, ಎರಡೂ ತುದಿಗೆ ಎಂಜಿನ್. ಮೊದಲ ಎರಡರಲ್ಲಿ ಒಂದು ಬಂಗಾಳದ ಮಾಲ್ದಾದಿಂದ ಇದೇ ಬೈಯಪ್ಪನಹಳ್ಳಿಗೆ ಬರುತ್ತದೆ. ಬಂಗಾಳದಿಂದ ದುಡಿಯಲು ಬರುವವರಿಗೆ ಅಂಥ ಗಾಡಿ ಸಿಕ್ಕಿದ್ದು ಒಳ್ಳೆಯದೇ ಆಯಿತು. ನಮ್ಮ ಜಿಲ್ಲೆಗಳಿಗೂ ಅಂಥದ್ದೊಂದು ಹಗಲು ಗಾಡಿ ಬೇಕು: ಕಲಬುರಗಿಯಿಂದ ಹೊರಟು ಶಹಾಬಾದ್, ವಾಡಿ, ನಾಲವಾರ, ಯಾದಗಿರಿ, ಸೈದಾಪುರ, ರಾಯಚೂರಿನಲ್ಲಿ ನಿಲ್ಲುವ, ಅರ್ಧಕ್ಕಿಂತ ಹೆಚ್ಚು ಜನರಲ್ ಬೋಗಿ ಇರುವ ಗಾಡಿ. ಜೊತೆಗೆ ಈ ತುದಿಯಲ್ಲೇ ಕೆಲಸ. 2023ರ ಮಾರ್ಚ್‌ನಲ್ಲಿ ಕಲಬುರಗಿಗೆ ಮೆಗಾ ಜವಳಿ ಪಾರ್ಕ್ ಘೋಷಣೆಯಾಯಿತು. ಅಲ್ಲಿ ಹೊಲಿಗೆ ಯಂತ್ರಗಳು ಓಡತೊಡಗಿದರೆ ಈ ಜನರಲ್ಲಿ ಎಷ್ಟೋ ಮಂದಿ ಗಾಡಿ ಹತ್ತುವುದೇ ಬೇಡ.

ಕೇಳುವುದಾದರೂ ಯಾರನ್ನು ಎಂಬುದೇ ನಮ್ಮ ಕಡೆಯ ದೊಡ್ಡ ತೊಡಕು. ಕಲಬುರಗಿ ನಿಲ್ದಾಣ ಸೊಲ್ಲಾಪುರ ವಿಭಾಗಕ್ಕೆ ಸೇರಿದ್ದು, ನಡುವಿನ ದಾರಿ ಗುಂತಕಲ್ ವಿಭಾಗಕ್ಕೆ, ಇಳಿಯುವ ನಿಲ್ದಾಣ ಬೆಂಗಳೂರು ವಿಭಾಗಕ್ಕೆ. ಕಲಬುರಗಿಗೇ ಒಂದು ರೈಲ್ವೆ ವಿಭಾಗ ಎಂದು 2014ರಲ್ಲಿ ಘೋಷಣೆಯಾದದ್ದು ಇನ್ನೂ ಕಾರ್ಯರೂಪಕ್ಕೆ ಬಂದಿಲ್ಲ. ಹಾಗಾಗಿ ಹಗಲು ಗಾಡಿಯ ಮನವಿಯನ್ನು ಮೂರು ಪ್ರತಿ ಮಾಡಿದ್ದೇನೆ, ಸೊಲ್ಲಾಪುರಕ್ಕೊಂದು, ಗುಂತಕಲ್‌ಗೊಂದು, ಬೆಂಗಳೂರಿಗೊಂದು. ಶೆಡ್ಡಿನಲ್ಲಿ ಸಹಿ ಹಾಕಿಸುತ್ತಿದ್ದೇನೆ. ನಿಮ್ಮ ಕಟ್ಟಡದಲ್ಲೋ ನಿಮ್ಮ ಬೀದಿಯ ಸೈಟಿನಲ್ಲೋ ಈ ಕಡೆಯವರು ಕೆಲಸಕ್ಕಿದ್ದರೆ ನೀವೂ ಬರೆಯಿಸಿ, ಮೂರೂ ಕಚೇರಿಗೆ ಕಳಿಸಿ. ದೀಪಾವಳಿಗೆ ಊರಿಗೆ ಹೋಗುವ ಮಂದಿ ಟಿಕೆಟ್ ಸಾಲಿನಲ್ಲಿ ನಿಲ್ಲುವ ಮೊದಲೇ ಅವು ತಲುಪಬೇಕು.